ಒಲೆ ಇಲ್ಲದ ಉಗಿ ಎಂಜಿನ್: ನಾನೇ ಮಾಡಿ ನೋಡಿದ್ದು

ಶಿರಸಿಯಲ್ಲಿ ನನ್ನದೊಂದು ಲೇತ್ ಅಂಗಡಿ ಇದೆ. ಅಡಿಕೆ ಸುಲಿಯುವ ಯಂತ್ರದ ರಿಪೇರಿಯೇ ಜಾಸ್ತಿ. ನಮ್ಮೂರಿಗೆ ರೈಲು ಇವತ್ತಿಗೂ ಬಂದಿಲ್ಲ, ಆದರೂ ಉಗಿ ಎಂಜಿನ್ ಅಂದರೆ ನನಗೆ ಪ್ರಾಣ.

ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ಒಂದು ಪುಟ್ಟ ಶಂಟಿಂಗ್ ಎಂಜಿನ್ (ಬೋಗಿಗಳನ್ನು ಅತ್ತಿತ್ತ ಸರಿಸುವಂಥದ್ದು) ಇದೆ. ಕಲ್ಲಿದ್ದಲು ಹಾಕುವ ಬಾಗಿಲು ಎಲ್ಲಿ ಅಂತ ಹುಡುಕಿದೆ, ಸಿಗಲಿಲ್ಲ. ಅದಕ್ಕೆ ಒಲೆಯೇ ಇಲ್ಲ! 1953ರಲ್ಲಿ ಜರ್ಮನಿಯ ಹೆನ್ಶೆಲ್ ಕಂಪನಿ ಮಾಡಿದ್ದು, ಧನ್‌ಬಾದ್ ಕಡೆಯ ಸಿಂದ್ರಿ ಗೊಬ್ಬರ ಕಾರ್ಖಾನೆಯಲ್ಲಿ ದುಡಿದಿದ್ದು. ಕಿಡಿ ಹಾರಿದರೆ ಅಪಾಯ ಇರುವ ಕಡೆ, ಅದೂ ಕಾರ್ಖಾನೆಯಲ್ಲೇ ಬಾಯ್ಲರ್ ಇದ್ದರೆ, ಇಂಥ ಎಂಜಿನ್ ಅನುಕೂಲ. ಟ್ಯಾಂಕಿನಲ್ಲಿ ಮುಕ್ಕಾಲು ನೀರು ಇಟ್ಟುಕೊಂಡು ಬಾಯ್ಲರಿನ ಉಗಿ ತುಂಬಿಸಿಕೊಂಡರೆ ಕೆಲವು ಗಂಟೆ ಓಡುತ್ತದೆ. 1870ರ ದಶಕದಲ್ಲೇ ನ್ಯೂ ಆರ್ಲಿಯನ್ಸ್‌ನಲ್ಲಿ ಎಮಿಲ್ ಲ್ಯಾಮ್ ಎಂಬವರು ಹೀಗೆ ಟ್ರಾಮ್ ಓಡಿಸಿದ್ದರು.

ಮನೆಗೆ ಬಂದು ಹೇಳಿದರೆ ಆಯಿ ನಂಬಲಿಲ್ಲ. "ಬೆಂಕಿ ಇಲ್ದೆ ಅದು ಹ್ಯಾಂಗೆ ಓಡ್ತು ತಮಾ?"

ಕುಕ್ಕರ್ ತೋರಿಸಿದೆ. ಗ್ಯಾಸ್ ಆರಿಸಿದ ಮೇಲೂ ಸೀಟಿ ಎತ್ತಿದರೆ ಉಗಿ ಬರುತ್ತಲೇ ಇರುತ್ತದೆ, ಅಲ್ವಾ? ಒತ್ತಡ ಇಳಿದ ಹಾಗೆ ಒಳಗಿನ ಬಿಸಿನೀರು ತಾನಾಗಿ ಮತ್ತೆ ಕುದಿಯುತ್ತದೆ. ಇಷ್ಟೇ ಗುಟ್ಟು.

ಆಮೇಲೆ ಅಂಥದ್ದೇ ಒಂದು ಪುಟ್ಟ ಮಾದರಿ ಎಂಜಿನ್ ಮಾಡಲು ಕೂತೆ. ಟ್ಯಾಂಕಿಗೆ ಅಂತ ದಪ್ಪ ತಾಮ್ರದ ಕೊಳವೆಗೆ ಎರಡೂ ಕಡೆ ಮುಚ್ಚಳ ಬೆಸೆದೆ. ಒತ್ತಡ ಮಿತಿಮೀರಿದರೆ ತಾನಾಗಿ ಉಗಿ ಬಿಡುವ ಸೇಫ್ಟಿ ವಾಲ್ವ್ ಕೂರಿಸಿದೆ. ಉಗಿ ಹಾಕುವ ಮೊದಲು ತಣ್ಣೀರು ತುಂಬಿ ಪಂಪಿನಿಂದ ಚದರ ಸೆಂಟಿಮೀಟರಿಗೆ 6 ಕೆಜಿ ಒತ್ತಡ ಕೊಟ್ಟು ನೋಡಿದೆ, ಓಡಿಸುವುದು 3 ಕೆಜಿಯಲ್ಲಿ. ಈ ಪರೀಕ್ಷೆ ಯಾರೂ ಬಿಡಬೇಡಿ. 3 ಕೆಜಿ ಒತ್ತಡದಲ್ಲಿ ನೀರು ಸುಮಾರು 143 ಡಿಗ್ರಿ ಇರುತ್ತದೆ, ಕೊಳವೆ ಸೀಳಿದರೆ ಮುಖವೇ ಸುಡುತ್ತದೆ.

ಮೊದಲ ಸಲ ಜಾಸ್ತಿ ಹೊತ್ತು ಓಡಲಿ ಅಂತ ನೀರು ಹೆಚ್ಚು ತುಂಬಿಬಿಟ್ಟೆ. ಉಗಿಗೆ ಜಾಗವೇ ಉಳಿಯಲಿಲ್ಲ, ನೀರೇ ಸಿಲಿಂಡರಿಗೆ ನುಗ್ಗಿತು, ಪಿಸ್ಟನ್ ಕಚ್ಚಿಕೊಂಡು ಅದನ್ನು ಚಕ್ರಕ್ಕೆ ಜೋಡಿಸುವ ಹಿತ್ತಾಳೆಯ ಕನೆಕ್ಟಿಂಗ್ ರಾಡ್ ಬಿಲ್ಲಿನ ಹಾಗೆ ಬಾಗಿತು. ನೀರು ಸಂಕುಚಿಸುವುದಿಲ್ಲವಲ್ಲ. ಹೊಸ ರಾಡ್ ಕಡೆದು, ಮುಕ್ಕಾಲು ಮಾತ್ರ ತುಂಬಿ, ಟ್ಯಾಂಕಿಗೆ ಕತ್ತದ ಹಗ್ಗ ಬಿಗಿಯಾಗಿ ಸುತ್ತಿ ಮೇಲೆ ತಗಡು ಹೊದಿಸಿದೆ. ಹಗ್ಗ ಇಲ್ಲದಿದ್ದಾಗ ಸುಮ್ನೆ ನಿಂತಲ್ಲೇ ಒತ್ತಡ ತೋರಿಸುವ ಗೇಜ್ ಮುಳ್ಳು ಇಳಿಯುತ್ತಿತ್ತು.

ಸ್ಟೌ ಮೇಲೆ ಕಾಯಿಸಿ ಹಳಿಗೆ ಇಟ್ಟೆ. ಅಂಗಳದಲ್ಲಿ ನಾಲ್ಕು ಸುತ್ತು ಹೊಡೆಯಿತು. ಆಯಿ ಬಗ್ಗಿ, ಅಡಿಯಲ್ಲಿ ಎಲ್ಲಾದರೂ ಬೆಂಕಿ ಇದೆಯಾ ಅಂತ ನೋಡುತ್ತಿದ್ದರು. ಈಗ ಪ್ರತ್ಯೇಕ ಬಾಯ್ಲರ್ ಮಾಡುತ್ತಿದ್ದೇನೆ, ಸಿಂದ್ರಿಯಲ್ಲಿ ತುಂಬಿಸುತ್ತಿದ್ದ ಹಾಗೆಯೇ ಎಂಜಿನ್ ಹಳಿಯ ಮೇಲೆ ನಿಲ್ಲಿಸಿ ಅದರಿಂದ ಉಗಿ ತುಂಬಿಸಬೇಕು.