ಕಾರು ಅದೇ, ಪಿಕಪ್ ಹೊಸದು: ಇವಿ ಅಪ್‌ಡೇಟ್ ಹಾಕಿಸಿಕೊಳ್ಳುವುದು ಹೇಗೆ?

2018ರ ಮೇ ತಿಂಗಳಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಟೆಸ್ಲಾ ಮಾಡೆಲ್ 3 ಎಂಬ ಇವಿಯನ್ನು, ಅಂದರೆ ಎಲೆಕ್ಟ್ರಿಕ್ ಕಾರನ್ನು, ಪರೀಕ್ಷೆ ಮಾಡಿತು. ಗಂಟೆಗೆ 60 ಮೈಲಿ ವೇಗದಲ್ಲಿದ್ದಾಗ ಬ್ರೇಕ್ ಒತ್ತಿದರೆ ಕಾರು ನಿಲ್ಲಲು 152 ಅಡಿ ಬೇಕಾಯಿತು. ಇಂಥ ಕಾರನ್ನು ಕೊಳ್ಳಿ ಅಂತ ಹೇಳಲಾರೆವು ಎಂದಿತು ಸಂಸ್ಥೆ. ಕೆಲವೇ ದಿನಗಳಲ್ಲಿ ಕಂಪನಿ ಇಂಟರ್ನೆಟ್ ಮೂಲಕ ಒಂದು ಅಪ್‌ಡೇಟ್ ಕಳಿಸಿತು. ಅದೇ ಕಾರನ್ನು ಮತ್ತೆ ಅಳೆದರೆ 133 ಅಡಿ. ಒಂದು ನಟ್ಟನ್ನೂ ಯಾರೂ ತಿರುಗಿಸಿರಲಿಲ್ಲ.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. 2023ರ ಜನವರಿಯಲ್ಲಿ ಟಾಟಾ ಕಂಪನಿ ನೆಕ್ಸಾನ್ ಇವಿ ಮ್ಯಾಕ್ಸ್‌ನ ಪರೀಕ್ಷಾ ರೇಂಜನ್ನು (ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) 437ರಿಂದ 453 ಕಿ.ಮೀ.ಗೆ ಏರಿಸಿತು. ಮೊದಲೇ ಕೊಂಡವರಿಗೂ ಫೆಬ್ರವರಿಯಿಂದ ಶೋರೂಮಿನಲ್ಲಿ ಸಾಫ್ಟ್‌ವೇರ್ ಹಾಕಿಕೊಡುವುದಾಗಿ ಹೇಳಿತು. ಹೋಗಿ ಹಾಕಿಸಿಕೊಂಡವರಿಗೆ ಲಾಭ. ಸುದ್ದಿಯೇ ತಿಳಿಯದವರು ಹಳೆಯದರಲ್ಲೇ ಓಡಿಸಿಕೊಂಡಿರುತ್ತಾರೆ, ಅಲ್ವಾ?

ಇದು ಆಗುವುದಾದರೂ ಹೇಗೆ

ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಎಂದು ಲೆಕ್ಕ ಹಾಕುವುದು ಸಾಫ್ಟ್‌ವೇರ್. ಹೊಸ ಮಾಡೆಲ್ ಬಿಡುವಾಗ ಕಂಪನಿಗಳು ಹೆದರಿಕೊಂಡೇ ಮಿತಿ ಹಾಕಿರುತ್ತವೆ. ಬ್ಯಾಟರಿ ಬಿಸಿಯಾದರೆ ಕಷ್ಟ, ಬೇಗ ಸವೆದರೆ ವಾರಂಟಿ ಖರ್ಚು ತಲೆಮೇಲೆ. ರಸ್ತೆಯಲ್ಲಿ ಸಾವಿರಾರು ಕಾರು ಓಡಿ ಮಾಹಿತಿ ಕೈಗೆ ಬಂದ ಮೇಲೆ ಮಿತಿಯನ್ನು ಸ್ವಲ್ಪ ಸಡಿಲ ಮಾಡುತ್ತವೆ. ಕರೆಂಟಿನ ಮಿತಿ ಸಡಿಲವಾದರೆ ಪಿಕಪ್ ಜಾಸ್ತಿ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಬ್ಯಾಟರಿಗೆ ವಾಪಸ್ ಹೋಗುವ ಶಕ್ತಿ (ಇದಕ್ಕೆ ರೀಜನ್ ಎನ್ನುತ್ತಾರೆ) ಹೆಚ್ಚಾದರೆ ರೇಂಜ್ ಜಾಸ್ತಿ. ಫಾಸ್ಟ್ ಚಾರ್ಜಿಂಗಿನ ಮಿತಿ ಏರಿದರೆ ಕಾಯುವುದು ಕಡಿಮೆ.

ಕೆಲವೊಮ್ಮೆ ಬ್ಯಾಟರಿಯ ಒಂದು ಪಾಲಿಗೇ ಬೀಗ ಹಾಕಿ ಮಾರಿರುತ್ತಾರೆ. 2017ರಲ್ಲಿ ಫ್ಲೋರಿಡಾಕ್ಕೆ ಇರ್ಮಾ ಚಂಡಮಾರುತ ಬಂದಾಗ ಇದು ಎಲ್ಲರ ಕಣ್ಣಿಗೂ ಬಿತ್ತು. 60 ಯೂನಿಟ್ (ಕಿಲೋವ್ಯಾಟ್-ಅವರ್) ಬ್ಯಾಟರಿ ಅಂತ ಮಾರಿದ್ದ ಕೆಲವು ಟೆಸ್ಲಾ ಕಾರುಗಳಲ್ಲಿ ನಿಜವಾಗಿ ಇದ್ದದ್ದು 75 ಯೂನಿಟ್ಟಿನ ಬ್ಯಾಟರಿ. ಊರು ಬಿಟ್ಟು ಓಡುವವರಿಗೆ ಅನುಕೂಲವಾಗಲಿ ಎಂದು ಕಂಪನಿ ದೂರದಿಂದಲೇ ಆ ಬೀಗವನ್ನು ತಾತ್ಕಾಲಿಕವಾಗಿ ತೆಗೆಯಿತು.

ಆದರೆ ಹಾಸಿಗೆ ಇದ್ದಷ್ಟೇ ಕಾಲು. ಒಂದು ಮೋಟಾರಿನ ಕಾರು ಅಪ್‌ಡೇಟ್‌ನಿಂದ ಎರಡು ಮೋಟಾರಿನದ್ದಾಗುವುದಿಲ್ಲ.

ಮೊದಲು ವಿವರ ಓದಿ

ಪರದೆಯ ಸೆಟ್ಟಿಂಗ್ಸ್‌ನಲ್ಲಿ ಸಾಫ್ಟ್‌ವೇರ್ ಅಂತ ಒಂದು ಪುಟ ಇರುತ್ತದೆ. ಅಲ್ಲಿರುವ ವರ್ಷನ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಅಪ್‌ಡೇಟ್‌ನ ವಿವರದಲ್ಲಿ ಮ್ಯಾಪು, ಹಾಡು, ಬಣ್ಣ ಇಷ್ಟೇ ಇದ್ದರೆ ಅದು ಪರದೆಯ ಅಪ್‌ಡೇಟ್. ಬ್ಯಾಟರಿ, ಮೋಟಾರ್, ಬ್ರೇಕ್, ರೀಜನ್, ಚಾರ್ಜಿಂಗ್ ಎಂಬ ಮಾತು ಬಂದರೆ ಮಾತ್ರ ಓಟಕ್ಕೆ ಸಂಬಂಧಪಟ್ಟದ್ದು. ಎಲ್ಲವೂ ಇಂಟರ್ನೆಟ್ಟಿನಲ್ಲಿ ತಾನಾಗಿ ಬರುತ್ತದೆ ಎಂದು ಕಾಯಬೇಡಿ. ಮುಂದಿನ ಸರ್ವಿಸಿಗೆ ಬಿಟ್ಟಾಗ "ನನ್ನ ಗಾಡಿಗೆ ಬ್ಯಾಟರಿ ಅಪ್‌ಡೇಟ್ ಏನಾದ್ರೂ ಬಂದಿದೆಯಾ ಸರ್?" ಎಂದು ಬಾಯಿಬಿಟ್ಟು ಕೇಳಿ. ಹಾಕಿದ್ದರೆ ಹೊಸ ವರ್ಷನ್ ನಂಬರನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಹಾಕುವ ಮುಂಚೆಯೇ ಅಳೆಯಿರಿ

ಬಹಳ ಜನ ಬಿಡುವ ಹೆಜ್ಜೆ ಇದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಮೊದಲಿನ ಲೆಕ್ಕ ಇಲ್ಲದಿದ್ದರೆ ಆಮೇಲೆ "ಸ್ವಲ್ಪ ಚುರುಕಾದ ಹಾಗಿದೆ" ಎನ್ನುವುದು ಸುಮ್ನೆ ಮನಸ್ಸಿನ ಸಮಾಧಾನ. ಪರದೆಯಲ್ಲಿ ಕಾಣುವ ರೇಂಜನ್ನೂ ನಂಬಬೇಡಿ. ಅದು ನೀವು ಈಚೆಗೆ ಓಡಿಸಿದ ರೀತಿಯನ್ನು ನೋಡಿ ಮಾಡುವ ಅಂದಾಜು, ಅಷ್ಟೇ.

ನೀವು ದಿನಾ ಹೋಗುವ ಒಂದು ದಾರಿ ಆರಿಸಿಕೊಳ್ಳಿ. ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಎಸಿ ಎಷ್ಟರಲ್ಲಿತ್ತು, ಎಷ್ಟು ಜನ ಕೂತಿದ್ದಿರಿ ಎಂದು ಬರೆದಿಡಿ. ಉದಾಹರಣೆಗೆ 40.5 ಯೂನಿಟ್ ಬ್ಯಾಟರಿ, ಚಾರ್ಜು ಶೇ 80ರಿಂದ 50ಕ್ಕೆ ಇಳಿಯಿತು ಎನ್ನಿ. ಖರ್ಚಾಗಿದ್ದು ಸುಮಾರು 12 ಯೂನಿಟ್. ಅಷ್ಟರಲ್ಲಿ 84 ಕಿ.ಮೀ. ಓಡಿದ್ದರೆ ಯೂನಿಟ್ಟಿಗೆ 7 ಕಿ.ಮೀ. ಬೆಸ್ಕಾಂ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು. ಬ್ಯಾಟರಿಗೆ ತುಂಬಿಸುವಾಗ ಒಂದಿಷ್ಟು ಬಿಸಿಯಾಗಿ ಪೋಲಾಗುವುದರಿಂದ ಮೀಟರಿನಲ್ಲಿ ತುಸು ಜಾಸ್ತಿ ಕಾಣುತ್ತದೆ.

ಮಳೆಗಾಲದ ಲೆಕ್ಕವನ್ನು ಏಪ್ರಿಲ್ ಬಿಸಿಲಿನ ಲೆಕ್ಕದ ಜೊತೆ ಹೋಲಿಸಬೇಡಿ. ಎಸಿ ಒಂದೇ ಸಾಕು, ಫಲಿತಾಂಶ ತಲೆಕೆಳಗಾಗಲು.

ಮೊದಲ ದಿನವೇ ಬೇಡ

2023ರ ನವೆಂಬರಿನಲ್ಲಿ ಅಮೆರಿಕದ ರಿವಿಯನ್ ಕಂಪನಿ ಒಂದು ಅಪ್‌ಡೇಟ್ ಕಳಿಸುವಾಗ ತಪ್ಪು ಭದ್ರತಾ ಸರ್ಟಿಫಿಕೇಟ್ ಸೇರಿಸಿಬಿಟ್ಟಿತು. ಗಾಡಿ ಓಡುತ್ತಿತ್ತು, ಆದರೆ ಪರದೆ ಸತ್ತುಹೋಯಿತು. ತಕ್ಷಣ ಹಾಕಿಕೊಂಡವರೇ ಸಿಕ್ಕಿಬಿದ್ದರು. ಸುರಕ್ಷತೆಯ ಅಪ್‌ಡೇಟ್ ಆದರೆ ತಡ ಮಾಡಬೇಡಿ. ಪಿಕಪ್, ರೇಂಜಿನದ್ದಾದರೆ ಒಂದೆರಡು ವಾರ ಬಿಟ್ಟು, ಅದೇ ಮಾಡೆಲ್ ಇಟ್ಟವರನ್ನು ವಿಚಾರಿಸಿ ಮುಂದುವರಿಯಿರಿ. ಹಾಕಿದ ಮೇಲೆ ಹಿಂದಿನದಕ್ಕೆ ಮರಳುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ.

ಹಾಕುವ ರಾತ್ರಿ

ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಡೌನ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ. ಕಾರನ್ನು ಮೇಲೆ ತಂದು ಮನೆಯ ವೈಫೈ ಅಥವಾ ಮೊಬೈಲ್ ಹಾಟ್‌ಸ್ಪಾಟ್ ಕೊಡಿ. ಡೌನ್‌ಲೋಡ್ ನಡೆಯುವಾಗ ಕಾರು ಓಡಿಸಬಹುದು. ಇನ್‌ಸ್ಟಾಲ್ ಆಗುವಾಗ ಮಾತ್ರ ಮುಟ್ಟುವ ಹಾಗಿಲ್ಲ. ಟೆಸ್ಲಾದಲ್ಲಿ ಆ ಹೊತ್ತಿಗೆ ಚಾರ್ಜಿಂಗ್ ಕೂಡ ನಿಂತು, ಮುಗಿದ ಮೇಲೆ ತಾನೇ ಶುರುವಾಗುತ್ತದೆ. ಬೆಳಿಗ್ಗೆ ಬೇಗ ಹೊರಡಬೇಕಿದ್ದರೆ ಇದು ನೆನಪಿರಲಿ.

ಸಣ್ಣ 12 ವೋಲ್ಟ್ ಬ್ಯಾಟರಿಯನ್ನೂ ಮರೆಯಬೇಡಿ. ಇವಿಯಲ್ಲೂ ಅದು ಇರುತ್ತದೆ, ಒಳಗಿನ ಕಂಪ್ಯೂಟರುಗಳು ಓಡುವುದು ಅದರ ಮೇಲೆ. ಅದು ಸೋತಿದ್ದರೆ ಅಪ್‌ಡೇಟ್ ನಡುವೆಯೇ ಕೈಕೊಡಬಹುದು. ಹಳೆಯದಾಗಿದ್ದರೆ ಮೊದಲೇ ಚೆಕ್ ಮಾಡಿಸಿ.

ಹಾಕಿದ ಮೇಲೆ

ಮೊದಲು ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ. ರೀಜನ್ ಬದಲಾಗಿದ್ದರೆ ಕಾಲು ತೆಗೆದ ಕೂಡಲೇ ಕಾರು ಮೊದಲಿಗಿಂತ ಬೇಗ ನಿಧಾನವಾಗುತ್ತದೆ. ಹಿಂದೆ ಬೈಕ್ ಅಂಟಿಕೊಂಡು ಬರುವ ನಮ್ಮ ಟ್ರಾಫಿಕ್ಕಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಡ್ರೈವ್ ಮೋಡ್, ಚಾರ್ಜಿಂಗ್ ಮಿತಿ ಹಳೆಯ ಹಾಗೇ ಇವೆಯಾ ನೋಡಿ. ಆಮೇಲೆ ಅದೇ ದಾರಿ, ಅದೇ ಲೆಕ್ಕ.

ಕಡಿಮೆಯಾಗಿದ್ದರೆ? ಅದೂ ಉಂಟು. 2019ರ ಅಪ್‌ಡೇಟ್ ಒಂದರಿಂದ ಬ್ಯಾಟರಿಯ ಗರಿಷ್ಠ ವೋಲ್ಟೇಜ್ ಇಳಿಯಿತು ಎಂದು ಟೆಸ್ಲಾ ಮಾಡೆಲ್ ಎಸ್ ಮಾಲೀಕರು ಕೋರ್ಟಿಗೆ ಹೋದರು. 2021ರಲ್ಲಿ ಕಂಪನಿ 15 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ನೀವು ಕೋರ್ಟಿಗೆ ಹೋಗದಿದ್ದರೂ, ಸರ್ವಿಸ್ ಸೆಂಟರಿನಲ್ಲಿ ಮಾತಾಡಲು ಕೈಯಲ್ಲಿ ಅಂಕಿ ಇರಬೇಕು.

ದುಡ್ಡು ಕೇಳಿದರೆ

ಪೋಲ್‌ಸ್ಟಾರ್ 2ರ ಎರಡು ಮೋಟಾರಿನ ಕಾರಿಗೆ 1,000 ಯೂರೋ ಕೊಟ್ಟರೆ ಅಪ್‌ಡೇಟ್ ಮೂಲಕ 50 ಕಿಲೋವ್ಯಾಟ್ ಹೆಚ್ಚುವರಿ ಶಕ್ತಿ ಸಿಗುತ್ತಿತ್ತು. ಗಂಟೆಗೆ ನೂರು ಕಿ.ಮೀ. ವೇಗ ಮುಟ್ಟುವ ಸಮಯ 4.7ರಿಂದ 4.4 ಸೆಕೆಂಡಿಗೆ ಇಳಿಯುತ್ತಿತ್ತು. ಒಂದೇ ಸಲದ ಖರ್ಚು, ಒಪ್ಪೋಣ. ಮರ್ಸಿಡಿಸ್ 2022ರಲ್ಲಿ ಅಮೆರಿಕದಲ್ಲಿ ಇಂಥದ್ದಕ್ಕೇ ಹೇಳಿದ ದರ ವರ್ಷಕ್ಕೆ 1,200 ಡಾಲರ್. ಕಾರಿನಲ್ಲಿ ಆಗಲೇ ಇರುವ ಶಕ್ತಿಗೆ ವರ್ಷವರ್ಷವೂ ಬಾಡಿಗೆ ಎಂದರೆ ಮೂಗಿಗಿಂತ ಮೂಗುತಿ ಭಾರ. ಕಂಪನಿಯಲ್ಲದ ಹೊರಗಿನವರು ಅಗ್ಗಕ್ಕೆ ಮಿತಿ ತೆಗೆದುಕೊಡುತ್ತೇವೆ ಎಂದರೆ ಹತ್ತಿರ ಹೋಗಬೇಡಿ. ಬ್ಯಾಟರಿಯ ವಾರಂಟಿಗೇ ಕುತ್ತು ಬರುತ್ತದೆ.

ಸೆಕೆಂಡ್ ಹ್ಯಾಂಡ್ ಇವಿ ಕೊಳ್ಳುವವರು ಇನ್ನೊಂದು ಪ್ರಶ್ನೆ ಕೇಳಿ: ಹಳೆಯ ಮಾಲೀಕರು ದುಡ್ಡು ಕೊಟ್ಟು ತೆಗೆಸಿದ ಬೀಗ ಕಾರಿನ ಜೊತೆ ಬರುತ್ತದೆಯೋ, ಅವರ ಖಾತೆಯ ಜೊತೆ ಹೋಗುತ್ತದೆಯೋ? ಅಡ್ವಾನ್ಸ್ ಕೊಡುವ ಮುಂಚೆ ಕಂಪನಿಯಿಂದ ಇದಕ್ಕೆ ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.