ಸನ್‌ಸ್ಕ್ರೀನ್: ಅಂಕಿಗಿಂತ ಅಳತೆ ಮುಖ್ಯ

ಸನ್‌ಸ್ಕ್ರೀನ್ ಕೊಳ್ಳುವಾಗ ಹೆಚ್ಚಿನವರು ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಮಟ್ಟ) ಅಂಕಿಯೊಂದನ್ನೇ ನೋಡುತ್ತಾರೆ. ಆದರೆ ಅದು ಮುಖ್ಯವಾಗಿ ಚರ್ಮವನ್ನು ಸುಡುವ ಯುವಿಬಿ ಎಂಬ ನೇರಳಾತೀತ ಕಿರಣಗಳಿಗೆ ಸಂಬಂಧಿಸಿದ್ದೇ ಹೊರತು, ಕಿಟಕಿಯ ಗಾಜನ್ನೂ ದಾಟಿ ಬಂದು ಸುಕ್ಕು, ಕಲೆಗಳನ್ನು ಮೂಡಿಸುವ ಯುವಿಎ ಕಿರಣಗಳಿಂದ ಎಷ್ಟು ರಕ್ಷಣೆ ಸಿಗುತ್ತದೆ ಎಂಬುದನ್ನು ತಿಳಿಸುವುದಿಲ್ಲ. ಆದ್ದರಿಂದ ‘ಬ್ರಾಡ್ ಸ್ಪೆಕ್ಟ್ರಮ್’ (ಎರಡೂ ಬಗೆಯ ಕಿರಣಗಳನ್ನು ತಡೆಯುವಂಥದ್ದು) ಎಂಬ ನಮೂದು ಇರುವುದನ್ನೇ ಆರಿಸಿಕೊಳ್ಳಿ. ಎಸ್‌ಪಿಎಫ್ 30 ಶೇ. 97ರಷ್ಟು ಯುವಿಬಿಯನ್ನು ತಡೆದರೆ, 50 ತಡೆಯುವುದು ಶೇ. 98ರಷ್ಟನ್ನು ಮಾತ್ರ, ಇಷ್ಟು ಅಲ್ಪ ವ್ಯತ್ಯಾಸಕ್ಕಾಗಿ ತಲೆಕೆಡಿಸಿಕೊಳ್ಳುವುದಕ್ಕಿಂತ ಹಚ್ಚುವ ಪ್ರಮಾಣವನ್ನು ಸರಿಪಡಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಪ್ರಯೋಗಾಲಯದಲ್ಲಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪಿಸಿ ಈ ಅಂಕಿಯನ್ನು ನಿರ್ಧರಿಸುತ್ತಾರೆ. ನಾವಾದರೋ ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ ಸವರಿ ಕೈತೊಳೆದುಕೊಳ್ಳುತ್ತೇವೆ. ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ಎಳೆದ ಎರಡು ದಪ್ಪ ಗೆರೆಗಳಷ್ಟು ಕ್ರೀಮು ಮುಖಕ್ಕೂ ಕತ್ತಿಗೂ ಬೇಕು. ಕಿವಿಯ ಅಂಚು ಮತ್ತು ಕತ್ತಿನ ಹಿಂಭಾಗವನ್ನು ಮರೆಯುವವರೇ ಹೆಚ್ಚು. ಹೊರಡುವ 15 ನಿಮಿಷ ಮೊದಲು ಹಚ್ಚಿ, ಬಿಸಿಲಿನಲ್ಲಿರುವಾಗ 2 ಗಂಟೆಗೊಮ್ಮೆ, ಬೆವರು ಒರೆಸಿಕೊಂಡರೆ ಅಥವಾ ಈಜಿದರೆ ಕೂಡಲೇ, ಮತ್ತೆ ಲೇಪಿಸಬೇಕು.

ಚರ್ಮ ಸೂಕ್ಷ್ಮವಾಗಿದ್ದರೆ ಸುಗಂಧವಿಲ್ಲದ, ಜಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವ ಕ್ರೀಮು ಸಾಮಾನ್ಯವಾಗಿ ಒಗ್ಗುತ್ತದೆ, ತುಸು ಬಿಳಿ ಛಾಯೆ ಉಳಿಯುವುದನ್ನು ಸಹಿಸಿಕೊಂಡರಾಯಿತು. 6 ತಿಂಗಳೊಳಗಿನ ಶಿಶುಗಳಿಗೆ ಕ್ರೀಮಿಗಿಂತ ನೆರಳು ಮತ್ತು ಮೈಮುಚ್ಚುವ ಬಟ್ಟೆಯೇ ಸೂಕ್ತ.