ಹಬ್ಬದ ಹಿಂದಿನ ರಾತ್ರಿ ಖಾಲಿ ಪಾತ್ರೆ ಜೋಡಿಸಿಡಿ

ಹಬ್ಬ ಹತ್ತಿರ ಬಂತು ಅಂದರೆ ನನ್ನ ಸೊಸೆಯ ಮುಖ ನೋಡಲಿಕ್ಕಾಗುವುದಿಲ್ಲ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು, ಕಾಲಿಗೆ ಜೋತುಬಿದ್ದ ಮಗು. ಯಾರಾದರೂ ಅಡುಗೆಮನೆ ಬಾಗಿಲಲ್ಲಿ ನಿಂತು "ಏನಾದ್ರೂ ಮಾಡ್ಲಾ?" ಅಂತ ಕೇಳಿದರೆ "ಬೇಡ ಬೇಡ, ನಾನೇ ಮಾಡ್ಕೋತೀನಿ" ಅನ್ನುತ್ತಾಳೆ. ಕೇಳಿದವರು ಸುಮ್ನೆ ಹೋಗಿ ಟೀವಿ ಮುಂದೆ ಕೂರುತ್ತಾರೆ. ಹತ್ತು ನಿಮಿಷಕ್ಕೆ ಒಳಗೆ ಪಾತ್ರೆ ಕುಕ್ಕುವ ಸದ್ದು. ಯಾರೂ ಒಂದು ಕೈ ಹಾಕುವುದಿಲ್ಲ ಅಂತ ಸಿಟ್ಟು. ಮಗಳ ಮನೆಗೆ ಹೋದರೆ ಅಲ್ಲೂ ಇದೇ ಕಥೆ.

ಬೇಡ ಅಂದವರು ಯಾರು? ನೀವೇ ಅಲ್ವಾ? ಹೇಳಿಕೊಡುವುದಕ್ಕಿಂತ ಮಾಡಿ ಮುಗಿಸುವುದೇ ಸಲೀಸು ಅಂತ ನಿಮಗೆ ಅನ್ನಿಸುತ್ತದೆ, ಗೊತ್ತು. ಯಾವುದು ಮೊದಲು, ಯಾವುದು ಯಾವ ಪಾತ್ರೆಗೆ, ಯಾರಿಗೆ ಖಾರ ಆಗುವುದಿಲ್ಲ, ಎಲ್ಲಾ ನಿಮ್ಮ ತಲೆಯಲ್ಲೇ ಕೂತಿದೆ. ಅದು ಹೊರಗೆ ಬರದಿದ್ದರೆ ಪಕ್ಕದಲ್ಲಿ ನಿಂತವರು ಏನು ಮಾಡಬೇಕು ಹೇಳಿ.

ನಾನೂ ಹಾಗೇ ಇದ್ದವಳು. ಒಂದು ಹಬ್ಬಕ್ಕೆ ಸಿಹಿಯನ್ನು ಹಿಂದಿನ ದಿನವೇ ಮಾಡಿ, ಇರುವೆಗೆ ಹೆದರಿ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೆ. ಮನೆ ತುಂಬಾ ನೆಂಟರು. ಊಟ ಆಯಿತು, ಹರಟೆ ಆಯಿತು, ಎಲ್ಲರನ್ನೂ ಕಳಿಸಿದ್ದೂ ಆಯಿತು. ರಾತ್ರಿ ಬೇರೇನೋ ಹುಡುಕಲು ಕಪಾಟು ತೆಗೆದರೆ ತುಂಬಿದ ಡಬ್ಬಿ ನನ್ನನ್ನೇ ನೋಡುತ್ತಿದೆ! ಅಲ್ಲೇ ಕೂತು ಅತ್ತುಬಿಟ್ಟೆ. ಅತ್ತೆ ಒಂದು ಮಾತೂ ಬೈಯಲಿಲ್ಲ. ಮುಂದಿನ ಹಬ್ಬದ ಹಿಂದಿನ ರಾತ್ರಿ ಬಡಿಸುವ ಪಾತ್ರೆಗಳನ್ನೆಲ್ಲಾ ತಂದು ಸಾಲಾಗಿ ಇಟ್ಟರು, ಎಲ್ಲಾ ಖಾಲಿ. ಒಂದೊಂದನ್ನೇ ಬೆರಳಿನಿಂದ ತಟ್ಟಿ "ಇದಕ್ಕೇನು? ಇದಕ್ಕೇನು?" ಅಂತ ಕೇಳುತ್ತಾ ಹೋದರು. ಒಂದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಆ ಪಾತ್ರೆ ವಾಪಸು ಒಳಗೆ ಹೋಯಿತು.

ಅತ್ತೆಯ ಈ ಉಪಾಯಕ್ಕೆ, ಪ್ರತಿ ಖಾಲಿ ಪಾತ್ರೆಯಲ್ಲೂ ಒಂದು ಚೀಟಿ ಇಡುವುದನ್ನು ಸೇರಿಸಿದ್ದು ನಾನು. ಈಗ ನಾನು ಮಾಡುವ ರೀತಿ ಹೇಳುತ್ತೇನೆ, ಅರ್ಧಂಬರ್ಧ ಮಾಡಿ ಆಮೇಲೆ ನನ್ನನ್ನು ಅನ್ನಬೇಡಿ.

ಹಳೇ ಕ್ಯಾಲೆಂಡರಿನ ಹಾಳೆ ತೆಗೆದುಕೊಳ್ಳಿ, ಹಿಂದೆ ಖಾಲಿ ಇರುವಂಥದ್ದು. ಅದು ದಪ್ಪ, ಆವಿ ತಗುಲಿದರೂ ಮುದುಡುವುದಿಲ್ಲ. ನೋಟುಪುಸ್ತಕದ ಹಾಳೆ ಬೇಡ. ನಾಲ್ಕು ಬೆರಳು ಅಗಲಕ್ಕೆ ಕತ್ತರಿಸಿ. ಪೆನ್ಸಿಲ್ಲಿನಲ್ಲೇ ಬರೆಯಿರಿ. ಪೆನ್ನಿನ ಮಸಿ ಒದ್ದೆ ಕೈ ತಾಗಿದರೆ ಹರಡುತ್ತದೆ, ಆಮೇಲೆ ಅದು ಎಂಟೋ ಹತ್ತೋ ಅಂತ ಜಗಳ. ಒಂದು ಚೀಟಿಯಲ್ಲಿ ಮೂರೇ ವಿಷಯ: ಈ ಪಾತ್ರೆಗೆ ಏನು ಬರುತ್ತದೆ, ಯಾವ ಹೊತ್ತಿಗೆ, ಯಾರು ತುಂಬುತ್ತಾರೆ. ನಾಲ್ಕನೆಯದು ಬರೆದಿರೋ, ಯಾರೂ ಓದುವುದಿಲ್ಲ.

ಚೀಟಿಯ ಜೊತೆ ಬಡಿಸುವ ಚಮಚವನ್ನೂ ಆ ಪಾತ್ರೆಯಲ್ಲೇ ಇಡಿ. ಇದನ್ನು ಎಲ್ಲರೂ ಮರೆಯುತ್ತಾರೆ. ಊಟಕ್ಕೆ ಕೂತ ಮೇಲೆ ಚಮಚ ಹುಡುಕಲು ಮೂರು ಸಲ ಏಳುವುದು ತಾಯಂದಿರೇ. ಮುಚ್ಚಳ ಇರುವ ಪಾತ್ರೆಯಾದರೆ ಚೀಟಿಯ ತುದಿ ಹೊರಗೆ ಕಾಣುವ ಹಾಗೆ ಮುಚ್ಚಿ. ಸಣ್ಣ ಪಾತ್ರೆಯನ್ನು ದೊಡ್ಡದರೊಳಗೆ ಇಡಬೇಡಿ, ಒಳಗೆ ಹೋದದ್ದು ಮರೆತ ಹಾಗೇ ಲೆಕ್ಕ. ಮೊದಲೇ ಮಾಡಿ ಕಪಾಟಿನಲ್ಲೋ ಫ್ರಿಜ್ಜಿನಲ್ಲೋ ಇಟ್ಟದ್ದಿದ್ದರೆ ಅದಕ್ಕೂ ಒಂದು ಖಾಲಿ ಬಟ್ಟಲು ಇಟ್ಟು, "ಮೇಲಿನ ಕಪಾಟು, ಎಡಗಡೆ" ಅಂತ ಬರೆಯಿರಿ. ನನ್ನ ಸಿಹಿಯ ಡಬ್ಬಿ ಕಲಿಸಿದ್ದು ಇದು.

ಇನ್ನು ಹೆಸರಿನ ವಿಷಯ. ಎಲ್ಲಾ ಚೀಟಿಯಲ್ಲೂ ನಿಮ್ಮದೇ ಹೆಸರು ಬರೆದುಕೊಂಡರೆ ಇಷ್ಟೆಲ್ಲಾ ಮಾಡಿ ಏನು ಬಂತು? ಗಂಡನ ಹೆಸರು ಬರೆಯಿರಿ, ಮಕ್ಕಳ ಹೆಸರು ಬರೆಯಿರಿ. ಆರು ವರ್ಷದ ಮಗು ಉಪ್ಪಿನ ಬಟ್ಟಲು ತುಂಬಿ ತಂದಿಡಬಲ್ಲದು. ಚೆಲ್ಲಿದರೆ ಒರೆಸಿದರಾಯಿತು. "ಏನಾದ್ರೂ ಮಾಡ್ಲಾ?" ಅಂತ ಬಂದವರಿಗೆ ಪಾತ್ರೆಯ ಸಾಲು ತೋರಿಸಿ, ಬಾಯಿಬಿಟ್ಟು ಹೇಳುವುದೂ ಬೇಡ. ಮತ್ತೆ ಅವರು ಮಾಡುವಾಗ ಹಿಂದೆ ನಿಂತು "ಹಾಗಲ್ಲ, ಹೀಗೆ" ಅನ್ನಬೇಡಿ ಕಣ್ರಮ್ಮಾ. ಓರೆಯಾಗಿ ಹೆಚ್ಚಿದ ತರಕಾರಿಯೂ ಬೇಯುತ್ತದೆ. ಯಾರ ಹೆಸರೂ ಹೊಂದದ ಚೀಟಿ ಒಂದೆರಡು ಉಳಿದೇ ಉಳಿಯುತ್ತವೆ. ಆ ಅಡುಗೆ ಈ ಸಲ ಬೇಡ, ಅಷ್ಟೆ.

ಮನೆ ಗುಡಿಸಿ ಒರೆಸುವುದಕ್ಕೆ ವಾರವಿಡೀ ಸಾಯಬೇಡಿ. ಬಂದವರು ಕೂರುವ ಜಾಗ, ಬಚ್ಚಲು, ಅಡುಗೆಮನೆ ಕಟ್ಟೆ ಇಷ್ಟು ಚೊಕ್ಕಟ ಇದ್ದರೆ ಸಾಕು. ಅಟ್ಟದ ಮೇಲಿನ ಧೂಳು ನೋಡಲು ಯಾರೂ ಏಣಿ ತರುವುದಿಲ್ಲ. ಹಾಂ, ಪರದೆ ಒಗೆದರೆ ಹಿಂಡಿ, ಒಮ್ಮೆ ಜೋರಾಗಿ ಕೊಡವಿ, ಇನ್ನೂ ಹಸಿ ಇರುವಾಗಲೇ ಕಂಬಿಗೆ ಏರಿಸಿಬಿಡಿ. ಅದರ ಭಾರಕ್ಕೆ ಅದೇ ನೆಟ್ಟಗಾಗುತ್ತದೆ. ಪರದೆಗೆ ಇಸ್ತ್ರಿ ಹಾಕುತ್ತಾ ನಿಂತವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮೊದಲೇ ಮಾಡಿಡುವವರಿಗೂ ಒಂದು ಮಾತು. ದೊಡ್ಡ ಪಾತ್ರೆ ತುಂಬಾ ಮಾಡಿದ್ದನ್ನು ಹಾಗೇ ಫ್ರಿಜ್ಜಿಗೆ ತಳ್ಳಬೇಡಿ. ಒಂದು ಸಲ ನಾನು ಹಾಗೆ ಇಟ್ಟು ಬೆಳಿಗ್ಗೆ ಸೌಟು ಇಳಿಸಿದರೆ ಅಂಚು ತಣ್ಣಗೆ, ನಡುವೆ ಇನ್ನೂ ಬೆಚ್ಚಗೆ, ಹುಳಿ ವಾಸನೆ. ಅಷ್ಟನ್ನೂ ಚೆಲ್ಲಿದೆ. ಅಗಲ ಬಾಯಿಯ, ಆಳ ಕಮ್ಮಿಯ ಡಬ್ಬಿಗಳಿಗೆ ಹಂಚಿ ಹಾಕಿ, ಉಗಿ ಹೋಗುತ್ತಲೇ ಒಳಗಿಡಿ. ಬೇಯಿಸಿದ್ದನ್ನು 2 ಗಂಟೆಗಿಂತ ಜಾಸ್ತಿ ಹೊರಗೆ ಬಿಡಬಾರದು, ಬೇಸಿಗೆಯಲ್ಲಿ ಅಷ್ಟೂ ಬೇಡ. ಫ್ರಿಜ್ಜಿನೊಳಗೆ 4 ಡಿಗ್ರಿ ಇರಲಿ. ಕಿಕ್ಕಿರಿದು ತುಂಬಿದರೆ ಆ ತಂಪು ಎಲ್ಲಾ ಕಡೆ ತಲುಪುವುದಿಲ್ಲ, ಆದ್ದರಿಂದ ನೀರಿನ ಬಾಟಲಿಗಳನ್ನು ಒಂದು ದಿನ ಹೊರಗಿಡಿ. ಮತ್ತೆ ಬಿಸಿ ಮಾಡುವಾಗ ನಡುವಿನಿಂದಲೂ ಹಬೆ ಏಳಬೇಕು.

ಹಬ್ಬ ಮುಗಿದ ಮೇಲೆ ಚೀಟಿಗಳನ್ನು ಬಿಸಾಡಬೇಡಿ. ರಾತ್ರಿ ಕಾಲು ಚಾಚಿ ಕೂತು ಒಂದೊಂದರ ಹಿಂದೆ ಒಂದು ಮಾತು ಬರೆದಿಡಿ. "ಸಾಲಲಿಲ್ಲ", "ಮಿಕ್ಕಿತು", "ಮಕ್ಕಳು ಮುಟ್ಟಲಿಲ್ಲ". ಎಲ್ಲವನ್ನೂ ಒಂದು ಲಕೋಟೆಗೆ ಹಾಕಿ, ಮೇಲೆ ವರ್ಷ ಬರೆದು ಚಮಚದ ಡ್ರಾಯರಿನಲ್ಲಿ ಇಡಿ. ಮುಂದಿನ ವರ್ಷ ಅರ್ಧ ಕೆಲಸ ಆಗಲೇ ಆಗಿರುತ್ತದೆ. ನನ್ನ ಲಕೋಟೆಯಲ್ಲಿ "ಯಾರೂ ತಿನ್ನಲಿಲ್ಲ, ಇನ್ನು ಬೇಡ" ಅಂತ ಬರೆದ ಒಂದು ಚೀಟಿ ಮೂರು ವರ್ಷದಿಂದ ಇದೆ. ಮೂರು ವರ್ಷದಿಂದ ನಾನದನ್ನು ಮಾಡುತ್ತಲೂ ಇದ್ದೇನೆ. ನನಗೆ ಅದು ಇಷ್ಟ.